ಗೋಡೆಯಾಚೆ ನನ್ನದೇ ದನಿ

ನಮ್ಮ ಆಫೀಸಿನ ಕಂಪ್ಯೂಟರುಗಳಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ್ದಾರೆ. ಅದನ್ನು ಕಲಿಯಲು ಪುಸ್ತಕ ಹುಡುಕಿಕೊಂಡು ಕಳೆದ ವಾರ ದೇವರಾಜ ಮೊಹಲ್ಲಾದ ಹಳೇ ಪುಸ್ತಕದಂಗಡಿಗೆ ಹೋಗಿದ್ದೆ. ಒಂದು ಪುಸ್ತಕದ ಅಂಟಿಕೊಂಡಿದ್ದ ನುಣುಪು ಹಾಳೆಗಳನ್ನು ಬಿಡಿಸುತ್ತಲೇ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿ ಯಾರೋ ನಿಂತು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸಿತು. ಅಕ್ಕ ಹಾಗೇ ನಿಲ್ಲುತ್ತಿದ್ದರು, ತಲೆ ಸ್ವಲ್ಪ ವಾಲಿಸಿ...

ಸ್ವಂತ ಅಕ್ಕನಲ್ಲ. ನಾನು ಬೋಗಾದಿಯಲ್ಲಿ ಬಾಡಿಗೆಗಿದ್ದಾಗ ಅವರದು ಪಕ್ಕದ ಮನೆ. ನಡುವೆ ಒಂದೇ ಗೋಡೆ. ಹುಟ್ಟಿನಿಂದ ಕಣ್ಣು ಕಾಣದ ಅವರು ಒಂದು ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ಮನೆಯಲ್ಲೊಂದು ಮಾತಾಡುವ ಕಂಪ್ಯೂಟರ್ ಇತ್ತು. ತನ್ನೊಳಗೆ ಏನು ನಡೆಯುತ್ತಿದೆ ಎಂಬುದನ್ನು ಅದು ಓದಿ ಹೇಳುತ್ತಿತ್ತು. ಅದು ಕೆಟ್ಟಾಗ ರಿಪೇರಿಯವರು ಲಿನಕ್ಸ್ ಎಂಬ ಬೇರೆ ಸಿಸ್ಟಂ ಹಾಕಿಕೊಟ್ಟರು. ಬೆರಳಿಗೆ ರೂಢಿಯಾಗಿದ್ದ ಕೀಗಳೆಲ್ಲ ಬದಲಾದವು. ಕಚೇರಿಯಲ್ಲೂ ಅದೇ ಬರುವುದಿತ್ತು. ಕಲಿಯದಿದ್ದರೆ ತನ್ನನ್ನು ಕೆಲಸವಿಲ್ಲದೆ ಮೂಲೆಯಲ್ಲಿ ಕೂರಿಸುತ್ತಾರೆ ಎಂದು ಅಕ್ಕ ಹೆದರಿದ್ದರು.

ಇಬ್ಬರೂ ಅಂಗಡಿ ಅಂಗಡಿ ಸುತ್ತಿದೆವು. ಪ್ರತಿ ಪುಸ್ತಕದಿಂದಲೂ ಅವರು ಒಂದು ಪುಟ ಓದಿಸುತ್ತಿದ್ದರು. ‘ಚಿತ್ರದಲ್ಲಿ ತೋರಿಸಿದ ಕಡೆ ಒತ್ತಿ’ ಎಂದು ಬಂತೋ, ತಲೆ ಅಲ್ಲಾಡಿಸಿ ಮುಂದಕ್ಕೆ ನಡೆಯುತ್ತಿದ್ದರು. ಕೊನೆಗೆ ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಯಾವ ಕೀ ಒತ್ತಬೇಕು, ಒತ್ತಿದರೆ ಏನಾಗಬೇಕು, ಆಗದಿದ್ದರೆ ಹಿಂದಕ್ಕೆ ಬರುವುದು ಹೇಗೆ, ಎಲ್ಲ ಮಾತಿನಲ್ಲೇ ಇತ್ತು.

“ಇದಿರ್ಲಿ ಕಣಮ್ಮ. ದಾರಿ ತಪ್ಪಿದ್ರೆ ವಾಪಸ್ ಬರೋದೆಂಗೆ ಅಂತ ಹೇಳ್ತಾ ಅವ್ನೆ” ಎಂದರು.

ಭಾನುವಾರಗಳಂದು ನಾನು ಅದನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಅವರು ರೆಕಾರ್ಡ್ ಮಾಡಿಕೊಂಡರು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ “ಆಮೇಲೆ?” ಎನ್ನುತ್ತಿದ್ದರು. ಆಮೇಲಾಮೇಲೆ ಸಂಜೆ ಅಡುಗೆ ಮಾಡುತ್ತಿದ್ದಾಗ ಗೋಡೆಯಾಚೆಯಿಂದ ನನ್ನದೇ ದನಿ ಕೇಳುವುದು ನನಗೆ ಅಭ್ಯಾಸವಾಗಿಬಿಟ್ಟಿತು. ಕಚೇರಿಯಲ್ಲಿ ಸಿಸ್ಟಂ ಬದಲಾದಾಗ ಅಕ್ಕನ ಕುರ್ಚಿ ಅಲ್ಲಾಡಲಿಲ್ಲ. ಆ ಹುರುಪಿನಲ್ಲಿ, ಕರೆಂಟ್ ಬಂದ ಕೂಡಲೇ ಕಂಪ್ಯೂಟರ್ ತಾನೇ ಶುರುವಾಗಿ ಆ ರೆಕಾರ್ಡಿಂಗಿನ ಪಾಠ ಹೇಳುವಂತೆಯೂ ಮಾಡಿಕೊಂಡಿದ್ದರು.

ನಾನು ಊರಿಗೆ ಹೋಗಿದ್ದಾಗ ಜ್ವರವೆಂದು ಆಸ್ಪತ್ರೆ ಸೇರಿದ ಅಕ್ಕ ಮತ್ತೆ ಬರಲಿಲ್ಲ. ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಾಮಾನು ಆಮೇಲೆ ಸಾಗಿಸುತ್ತೇನೆಂದು ಅವರ ತಮ್ಮ ಮನೆಗೆ ಬೀಗ ಹಾಕಿಕೊಂಡು ಹೋಗಿದ್ದರು.

ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಫ್ಯಾನ್ ತಿರುಗತೊಡಗಿದ ಮೇಲೆ ಗೋಡೆಯಾಚೆ ನಾನು ಮಾತಾಡತೊಡಗಿದೆ. ‘ಎಲ್ಲಿದ್ದೀರಿ ಅಂತ ಗೊತ್ತಾಗದಿದ್ದರೆ ಗಾಬರಿಯಾಗಬೇಡಿ.’ ಅಲ್ಲಿ ನಾನು ಉಸಿರು ತೆಗೆದುಕೊಂಡೆ. ಆಮೇಲೆ ಅವರ ದನಿ, “ಆಮೇಲೆ?”

ರೆಕಾರ್ಡಿಂಗ್ ಎಂದು ಗೊತ್ತಿತ್ತು. ಗೊತ್ತಿದ್ದೂ ಒಳಗೆ ಕೂರಲಾಗದೆ ಹೊರಗೆ ಬಂದು ನಿಂತೆ. ಬೇಸಿಗೆಯಾದ್ದರಿಂದ ಕರೆಂಟ್ ಪದೇ ಪದೇ ಹೋಗುತ್ತಿತ್ತು. ಹೋಗಿ ಬಂದಾಗಲೆಲ್ಲ ಇದೇ. ಒಂದು ಸಲ ಪಾತ್ರೆ ತೊಳೆಯುತ್ತಿದ್ದಾಗ ಆ ಪ್ರಶ್ನೆ ಕೇಳಿಸಿತು. ಗೋಡೆಯಾಚೆಯ ನನ್ನ ದನಿಗಿಂತ ಮೊದಲೇ, ಈಚೆಯಿಂದ ನಾನು ಗಟ್ಟಿಯಾಗಿ ಉತ್ತರ ಹೇಳುತ್ತಿದ್ದೆ...

ಅಂದೇ ಮನೆ ಮಾಲೀಕರನ್ನು ಕರೆದೆ. ಅವರು ತಮ್ಮ ಹತ್ತಿರವಿದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದರು. ಮುಚ್ಚಿದ್ದ ಕೋಣೆಯಲ್ಲಿ ಬಿಸಿಗಾಳಿ ತುಂಬಿಕೊಂಡಿತ್ತು. ಮೇಜಿನ ಮೇಲೆ ಕಂಪ್ಯೂಟರಿನ ಪರದೆ ಇರಲಿಲ್ಲ, ಅಕ್ಕನಿಗೆ ಅದು ಬೇಕಿರಲಿಲ್ಲವಲ್ಲ. ಬರೀ ಒಂದು ಡಬ್ಬ, ಒಂದು ಹಸಿರು ದೀಪ. ಕತ್ತಲಲ್ಲಿ ನಾನು ಯಾರಿಗೋ ಸಮಾಧಾನವಾಗಿ ಪಾಠ ಹೇಳುತ್ತಿದ್ದೆ.

ಮಾಲೀಕರು ಹೊಸ್ತಿಲು ದಾಟಲಿಲ್ಲ. “ನಿಲ್ಲಿಸ್ಬುಡಿ ಕಣಮ್ಮ. ಕೇಳಕ್ಕಾಗಲ್ಲ” ಎಂದರು. ಒಳಗಿನ ನನ್ನ ದನಿ ಒಂದು ವಾಕ್ಯ ಮುಗಿಸಿ ನಿಂತಿತು. ಅಕ್ಕ ಕೇಳುವ ಮೊದಲೇ ನಾನು ಪ್ಲಗ್ ಎಳೆದುಬಿಟ್ಟೆ.

ಹಳೇ ಪುಸ್ತಕದಂಗಡಿಯಿಂದ ಮನೆಗೆ ಬಂದವಳೇ ಆ ಕಂಪ್ಯೂಟರ್ ಏನಾಯಿತೆಂದು ಕೇಳಲು ಅವರ ತಮ್ಮನಿಗೆ ಫೋನ್ ಮಾಡಿದೆ. ಅದರಲ್ಲಿದ್ದುದನ್ನೆಲ್ಲ ಅಳಿಸಿ ಯಾರಿಗೋ ಕೊಟ್ಟು ಬಹಳ ದಿನವಾಯಿತಂತೆ. ನನ್ನ ಹತ್ತಿರ ಅಕ್ಕನ ಒಂದು ಫೋಟೋ ಇದೆ. ದನಿ ಮಾತ್ರ ಎಲ್ಲೂ ಇಲ್ಲ. ಪ್ಲಗ್ ಎಳೆದ ದಿನವೇ ಒಂದು ಪ್ರತಿ ಮಾಡಿಟ್ಟುಕೊಳ್ಳಬಹುದಿತ್ತು. ಆದರೆ ಅವತ್ತು ನನಗೆ ಅದು ನಿಂತರೆ ಸಾಕಾಗಿತ್ತು.