ರಿಲೀವರ್ ಬರುವ ತನಕ

ಆ ಅಪಘಾತದ ಹಿಂದಿನ ದಿನ ವಿಶೇಷವೇನೂ ನಡೆದಿರಲಿಲ್ಲ. ಆಗ ಪೀಣ್ಯದ ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ. ಫ್ಯಾಕ್ಟರಿಯ ಎರಡು ಗಂಟೆಯ ಸೈರನ್ ನಮ್ಮ ವಠಾರಕ್ಕೆ ಕೇಳಿಸಿತು. ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು, ಮೈ ಕೊಡವಿಕೊಂಡು ಗಲ್ಲಿಯ ತುದಿಗೆ ಓಡಿತು. ನಾನು ಹೊಲಿಯುತ್ತಿದ್ದ ರವಿಕೆಯನ್ನು ಬದಿಗಿಟ್ಟು ಸಾರು ಬಿಸಿಗಿಟ್ಟೆ.

ನಮ್ಮ ಮನೆಯವರದು ಯಾವಾಗಲೂ ಫಸ್ಟ್ ಶಿಫ್ಟ್. ಗಲ್ಲಿಯ ತುದಿಯಲ್ಲಿ ಮೊಪೆಡ್ ನಿಲ್ಲಿಸಿ, ನಾಯಿಯನ್ನು ಮುಂದೆ ಕಾಲಿಡುವ ಜಾಗಕ್ಕೆ ಹತ್ತಿಸಿಕೊಂಡು ಬರುತ್ತಿದ್ದರು. ಸಿಮೆಂಟ್ ಪೈಪಿನೊಳಗೆ ಸಿಕ್ಕಿದ ಮರಿಯನ್ನು ಅವರು ಅಲ್ಲೇ ಕೂರಿಸಿ ಮನೆಗೆ ತಂದಿದ್ದರು. ಅಂದಿನಿಂದ ಆ ಜಾಗ ಅದರದೇ.

"ಮಾರಾಜ್ರು ಬಂದ್ರು, ದಾರಿ ಬಿಡ್ರಪ್ಪೋ," ಎಂದು ಮನೆ ಮಾಲೀಕರ ತಾಯಿ ಜಗಲಿಯಿಂದ ಅಣಕಿಸಿದರು. ವಠಾರದವರೆಲ್ಲ ಅವರನ್ನು ಅಜ್ಜಿ ಎನ್ನುತ್ತಿದ್ದೆವು. ನಾಯಿ ಜಗಲಿ ಹತ್ತಿದರೆ ಅವರಿಗೆ ಆಗುತ್ತಿರಲಿಲ್ಲ.

"ನಿಮ್ಗೂ ಒಂದ್ ರೌಂಡ್ ಹಾಕಿಸ್ಲಾ ಅಜ್ಜಿ?" ಎಂದರು ಇವರು.

"ಓಗ್ ಓಗು! ನಾಯಿ ಕೂತ ಜಾಗದಾಗೆ ನಾನ್ ಕೂರ್ತೀನಾ?"

ನಗುತ್ತಲೇ ಒಳಗೆ ಬಂದು ಕೈಯ ಆಯಿಲ್ ತೊಳೆದು ಮುದ್ದೆ ಉಂಡರು. ಸಾರಿಗೆ ಉಪ್ಪು ಕಡಿಮೆ ಎಂದರು. ಕಡಿಮೆಯೇ ಇತ್ತು.

ಮಾರನೆಯ ದಿನ ಅವರು ನಾಯಿಯನ್ನು ಹತ್ತಿಸಿಕೊಳ್ಳಲು ಗಲ್ಲಿಯ ತುದಿಯಲ್ಲಿ ನಿಂತಿದ್ದಾಗ ಕಬ್ಬಿಣ ತುಂಬಿದ ಲಾರಿಯೊಂದು ಹಿಂದಕ್ಕೆ ಬಂತು. ಆಸ್ಪತ್ರೆ ಸೇರುವ ಮೊದಲೇ ಅವರ ಉಸಿರು ನಿಂತಿತ್ತು. ನಾಯಿ ಬದುಕಿತ್ತು. ಅದರ ಸೊಂಟದ ಮೂಳೆ ಮುರಿದಿತ್ತು.

ಸುದ್ದಿ ಕೇಳಿ ರಜೆ ಹೇಳಿ ಓಡಿಬಂದು ಅದನ್ನು ಆಟೊದಲ್ಲಿ ದನದ ಆಸ್ಪತ್ರೆಗೆ ಒಯ್ದವನು ಇವರ ಮೆಷಿನ್ನಿನಲ್ಲೇ ಸೆಕೆಂಡ್ ಶಿಫ್ಟ್ ಮಾಡುತ್ತಿದ್ದ ರಾಯಚೂರು ಕಡೆಯವನು. ಮೂಳೆ ತಾನಾಗಿಯೇ ಕೂಡುತ್ತದೆ, ಆದರೆ ತೆವಳಲು ಬಿಡಬಾರದು, ಆಗಾಗ ಮಗ್ಗುಲು ಬದಲಾಯಿಸಬೇಕು, ಇಲ್ಲದಿದ್ದರೆ ಮೈ ಹುಣ್ಣಾಗಿ ನಾಯಿ ಬದುಕುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ನನಗೆ ಅನ್ನ ತಂದರು. ನಾನು ಕೇಳದಿದ್ದರೂ ನಾಯಿಗೆಂದು ಗಂಜಿ ತಂದರು. ನನ್ನ ತಟ್ಟೆ ಹಾಗೇ ಇರುತ್ತಿತ್ತು. ಅದರ ಬಾಯಿಗೆ ಚಮಚದಲ್ಲಿ ಗಂಜಿ ಹಾಕುತ್ತಾ ಹಾಕುತ್ತಾ ಒಂದು ದಿನ ನಾನೂ ಎರಡು ತುತ್ತು ತಿಂದೆ.

ಸೂತಕ ಕಳೆಯಿತು. ರವಿಕೆ ಹೊಲಿದು ಬದುಕಲಾಗದೆ ಗಾರ್ಮೆಂಟ್ಸ್ ಸೇರಬೇಕಾಯಿತು. ನಾನು ಹೋದರೆ ನಾಯಿಯ ಮಗ್ಗುಲು ಬದಲಾಯಿಸುವವರು ಯಾರು?

"ಒಂದ್ ಇಂಜೆಕ್ಷನ್ ಕೊಡ್ಸಿ ಕಳಿಸ್ಬಿಡಕ್ಕ. ಅದ್ಕೂ ನೋವು, ನಿಂಗೂ ನೋವು," ಎಂದ ನನ್ನ ತಮ್ಮ. ನನ್ನ ಮೇಲಿನ ಮರುಕಕ್ಕೇ ಹಾಗೆ ಹೇಳಿದ್ದ. ನಾನು ನಾಯಿಯ ಮಗ್ಗುಲು ಬದಲಾಯಿಸಿದೆ.

ಇವರ ಫ್ಯಾಕ್ಟರಿಯಲ್ಲಿ ಒಂದು ಕಟ್ಟಳೆ ಇದೆ. ಮುಂದಿನ ಶಿಫ್ಟಿನವನು ಬಂದು ಮೆಷಿನ್ ಮುಂದೆ ನಿಲ್ಲುವ ತನಕ ಮೊದಲಿನವನು ಬಿಟ್ಟು ಹೋಗುವಂತಿಲ್ಲ. ಹಾಗೆ ಬರುವವನೇ ರಿಲೀವರ್. ಇವರು ಎಷ್ಟೋ ಸಲ ತಡವಾಗಿ ಬಂದು, "ರಿಲೀವರ್ ಬರ್ಲಿಲ್ಲ ಕಣೇ," ಎಂದದ್ದುಂಟು. ಆ ರಾಯಚೂರಿನವನು ಅಂದು ಬಾಗಿಲಲ್ಲೇ ನಿಂತು ಹೇಳಿದ, "ಅಕ್ಕಾರ, ನಾ ಅಣ್ಣಾರ ರಿಲೀವರ್ ಅದೀನ್ರಿ. ಮುಂಜಾನಿ ನನಗ ಡ್ಯೂಟಿ ಇಲ್ಲ. ನೀವು ಹೋಗ್ರಿ, ನಾ ಕುಂದರ್ತೀನಿ."

"ಮಧ್ಯಾಹ್ನ ನೀನೂ ಕೆಲಸಕ್ಕೆ ಹೋಗ್ಬೇಕಲ್ಲಪ್ಪ?"

ಜಗಲಿಯಿಂದ ಅಜ್ಜಿ ಕೂಗಿದರು, "ಮದ್ಯಾನ ನಾನ್ ಕೂರ್ತೀನಿ ಬುಡು. ಮುಟ್ಟಾಕಿಲ್ಲ, ಕೋಲಾಗೇ ಮಗ್ಗುಲು ತಿರುಗಿಸ್ತೀನಿ."

ಕೋಲಿನಲ್ಲಿ ತಿರುಗಿಸುತ್ತೇನೆ ಎಂದವರು ಆ ವಾರ ಮುಗಿಯುವುದರೊಳಗೆ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎಲೆ ಅಡಿಕೆ ಜಗಿಯುತ್ತಿದ್ದರು.

ಒಂದು ಸಂಜೆ ಶಿಪ್‌ಮೆಂಟ್ ಇದೆಯೆಂದು ನಮ್ಮನ್ನು ಓವರ್‌ಟೈಮಿಗೆ ನಿಲ್ಲಿಸಿಕೊಂಡರು. ನಾನು ಓಡೋಡಿ ಬರುವಷ್ಟರಲ್ಲಿ ನಲ್ಲಿಯ ನೀರು ಬಂದು ನಿಂತೂ ಹೋಗಿತ್ತು. ಅಜ್ಜಿಯ ಮಗ ನಮ್ಮ ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದರು. "ಮನೇಲಿ ಒಂದ್ ಬಿಂದಿಗೆ ನೀರಿಲ್ಲ! ನಲ್ಲಿ ಬಂದಿದ್ ಕಾಣ್ಲಿಲ್ವಾ? ನಿಂಗೆ ನಾಯಿ ಎಚ್ಚಾಯ್ತಾ ಅಮ್ಮಾ?"

"ರಿಲೀವರ್ ಬಂದಿಲ್ಲ ಕಣ್ಲಾ," ಎಂದರು ಅಜ್ಜಿ. "ನಾನ್ ಎದ್ರೆ ಮಿಸೀನ್ ನಿಂತೋಯ್ತದೆ."

ತಮಾಷೆಗೆ ಹೇಳಿದ ಮಾತಲ್ಲ ಅದು. ನಾನು ಬಂದು ನಾಯಿಯ ಪಕ್ಕ ಕೂತ ಮೇಲೆಯೇ ಅವರು ಗೋಡೆ ಹಿಡಿದು ಎದ್ದರು. ಮಧ್ಯಾಹ್ನದಿಂದ ಕೂತಿದ್ದ ಕಾಲು ಜೋಮು ಹಿಡಿದಿತ್ತು. ಆ ಸಂಜೆ ವಠಾರದ ಒಂದೊಂದು ಮನೆಯಿಂದಲೂ ಒಂದೊಂದು ಬಿಂದಿಗೆ ನೀರು ಅಜ್ಜಿಯ ಮನೆಗೆ ಹೋಯಿತು. "ಮಿಸೀನ್ ಅಂತೆ, ಮಿಸೀನ್," ಎಂದು ಮಗ ಗೊಣಗುತ್ತಾ ಹಂಡೆಗೆ ಸುರಿದುಕೊಂಡರು. ನಮ್ಮ ಮನೆಯವರು ತೀರಿಕೊಂಡ ಮೇಲೆ ನಾನು ಮೊದಲ ಸಲ ನಕ್ಕದ್ದು ಆಗಲೇ.

ಮೂಳೆ ಕೂಡಿದ ಮೇಲೂ ನಾಯಿ ಏಳಲು ಮನಸ್ಸು ಮಾಡಲಿಲ್ಲ. ಎರಡರ ಸೈರನ್ ಆದಾಗ ಮಾತ್ರ ಕಿವಿ ನಿಮಿರಿಸಿ ಮುಂಗಾಲು ಊರುತ್ತದೆ ಎಂದು ಅಜ್ಜಿ ಕಂಡುಕೊಂಡಿದ್ದರು. "ಎತ್ತಿದ್ರೆ ಅದೇ ಒತ್ತಿಗೆ ಎತ್ಬೇಕು," ಎಂದರು. ನಾನು ಒಂದು ದಿನ ರಜೆ ಹಾಕಿದೆ. ಇವರ ಹಳೆಯ ಲುಂಗಿಯನ್ನು ಅದರ ಹೊಟ್ಟೆಯ ಕೆಳಗೆ ತೂರಿಸಿ, ಒಂದು ಬದಿ ಅಜ್ಜಿ, ಒಂದು ಬದಿ ನಾನು ಹಿಡಿದು ಕಾದೆವು. ಸೈರನ್ ಆಯಿತು. ಎತ್ತಿದೆವು. ಹಿಂಗಾಲು ಗಡಗಡ ನಡುಗಿತು, ಆದರೂ ಗಲ್ಲಿಯ ಕಡೆ ಮುಖ ಮಾಡಿ ನಿಂತಿತು. ಆಮೇಲೆ ದಿನವೂ ಆ ಹೊತ್ತಿಗೆ ಅಜ್ಜಿ ಯಾರನ್ನಾದರೂ ಕರೆದು ಎತ್ತಿಸುತ್ತಿದ್ದರು. ಒಂದು ಭಾನುವಾರ ನಮ್ಮ ಕೈಯಲ್ಲಿ ಲುಂಗಿ ಸಡಿಲವಾಗಿ ಜೋತಾಡಿತು. ನಾಯಿಯ ಭಾರವನ್ನು ನಾಯಿಯೇ ಹೊತ್ತಿತ್ತು.

ಆ ದಿನಗಳಲ್ಲಿ ಅಜ್ಜಿಯೂ ರಾಯಚೂರಿನವನೂ ನಾಯಿಯ ಜೊತೆಗೆ ನನ್ನನ್ನೂ ಕಾದರು. ರಾಯಚೂರಿನವನಿಗೆ ಹಬ್ಬಕ್ಕೊಂದು ಅಂಗಿ ಹೊಲಿದುಕೊಡುತ್ತೇನೆ. ಅಜ್ಜಿಯ ರವಿಕೆಗಳೆಲ್ಲ ಈಗ ನನ್ನ ಕೈಯವೇ.

ನಾಯಿ ಕುಂಟುತ್ತದೆ, ಆದರೆ ನಡೆಯುತ್ತದೆ. ರಜೆಯ ದಿನ ಎರಡರ ಸೈರನ್ ಆದರೆ ಅದು ಗಲ್ಲಿಯ ತುದಿಗೆ ಹೋಗಿ ಕೂರುತ್ತದೆ. ನಾನು ಸಾರು ಬಿಸಿಗಿಡುತ್ತೇನೆ. ಸ್ವಲ್ಪ ಹೊತ್ತಾದ ಮೇಲೆ ಅದೊಂದೇ ನಡೆದು ಬರುತ್ತದೆ. ಸಾರಿಗೆ ಉಪ್ಪು ಕಡಿಮೆ ಎನ್ನಲು ಮನೆಯಲ್ಲಿ ಯಾರೂ ಇಲ್ಲ.