ಐದನೇ ತಿರುಪಿನ ಗೆರೆ

ಆರ್ಲಿಂಡಾ ಗ್ರಿಯೇಗೊ ಉಗುರಿಗೆ ಬಣ್ಣ ಹಚ್ಚಿದ್ದನ್ನು ಫೋರ್ಟ್ ಸಮ್ನರ್‌ನಲ್ಲಿ ಯಾರೂ ಕಂಡಿಲ್ಲ. ಆದರೆ ಅವಳ ಅಂಗಿಯ ಜೇಬಿನಲ್ಲಿ ಸದಾ ಬದನೆಕಾಯಿ ಬಣ್ಣದ ನೇಲ್ ಪಾಲಿಶ್ ಶೀಶೆ ಇರುತ್ತಿತ್ತು. ಅದು ತಿರುಪುಗಳಿಗೆ. ಬಲೂನಿನಲ್ಲಿ ಮೇಲೆ ಹೋಗುವ ದೂರದರ್ಶಕದ ಕನ್ನಡಿಗಳನ್ನು ಕೂರಿಸಿ, ತಿರುಪು ಬಿಗಿದಾದ ಮೇಲೆ ಪ್ರತಿ ತಿರುಪಿನ ತಲೆಯಿಂದ ಪಕ್ಕದ ಚೌಕಟ್ಟಿನವರೆಗೆ ಒಂದು ಸಣ್ಣ ಗೆರೆ ಎಳೆಯುತ್ತಿದ್ದಳು. ತಿರುಪು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ. ಗೆರೆ ನೆಟ್ಟಗಿದ್ದರೆ, 'ನಾನು ಬಿಟ್ಟ ಹಾಗೇ ಇದೆ' ಎಂದು ಆರ್ಲಿಂಡಾ ಮಾತು ಕೊಟ್ಟ ಹಾಗೆ.

ಅವಳು ಕಾಲೇಜು ಮೆಟ್ಟಿಲು ಹತ್ತಿದವಳಲ್ಲ. ಕ್ಲೋವಿಸ್‌ನ ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಗಾಜು ಉಜ್ಜಿದಳು. ಅಂಗಡಿ ಮುಚ್ಚಿದಾಗ ಊರಿಗೆ ಮರಳಿ, ಬಲೂನು ಹಾರಿಸುವವರ ಹ್ಯಾಂಗರಿನಲ್ಲಿ ಪೆಟ್ಟಿಗೆ ಬಿಚ್ಚುವ ಕೆಲಸಕ್ಕೆ ಸೇರಿದಳು. ಅಲ್ಲಿ ಪದವಿಗಳ ಮೇಲೆ ಪದವಿ ಪಡೆದವರು ಒಂದು ಕನ್ನಡಿಗೆ ಮೂರು ದಿನ ಒದ್ದಾಡುವುದನ್ನು ನೋಡಿ ತಡೆಯಲಾರದೆ ಕೈಹಾಕಿದಳು. ಆಮೇಲಿನ ಆರು ವರ್ಷ ಆ ಕೆಲಸ ಅವಳದೇ ಆಯಿತು.

ಆ ದೂರದರ್ಶಕಕ್ಕೊಂದು ಕೆಟ್ಟ ಚಾಳಿಯಿತ್ತು. ಮೇಲಿನ ಚಳಿಗೆ ಅದರ ಚೌಕಟ್ಟು ಒಂದು ಪಕ್ಕಕ್ಕೆ ಹೆಚ್ಚು ಕುಗ್ಗುತ್ತಿತ್ತು. ಹ್ಯಾಂಗರಿನಲ್ಲಿ ಪರೀಕ್ಷೆಗೆ ಇಡುವ ದೀಪದ ನಕ್ಷತ್ರ ದುಂಡಗೆ ಕಂಡರೂ, ಆಕಾಶದ ನಕ್ಷತ್ರಕ್ಕೆ ಬಾಲ ಬರುತ್ತಿತ್ತು. ಕನ್ನಡಕವೆಂದರೆ ಕಣ್ಣಿನ ತಪ್ಪಿಗೆ ಎದುರಾಗಿ ಇಟ್ಟ ಇನ್ನೊಂದು ತಪ್ಪು ಎಂಬುದು ಆರ್ಲಿಂಡಾಗೆ ಅಂಗೈ ಗೆರೆಯಷ್ಟು ಗೊತ್ತು. ಐದನೇ ತಿರುಪನ್ನು ಬೇಕೆಂದೇ ಕೊಂಚ ಹೆಚ್ಚು ತಿರುಗಿಸಿ, ಕೆಳಗೇ ಎದುರು ದಿಕ್ಕಿಗೆ ಬಾಲ ಬರಿಸಿಟ್ಟಳು. ಚಳಿ ಆ ಬಾಲವನ್ನು ತಿಂದುಹಾಕಿತು. ಆರು ಹಾರಾಟಗಳಲ್ಲೂ ಹಾಗೇ ಆಯಿತು.

ಏಳನೇ ಸಲ ಡಾಕ್ಟರ್ ಹಾಲ್ವರ್ಸನ್ ಎಂಬ ಹೊಸ ಮುಖ್ಯಸ್ಥರು ಬಂದರು. ಬಹಳ ಓದಿದವರು. ಎಷ್ಟು ಓದಿದ್ದರೆಂದರೆ, ಇನ್ನೊಬ್ಬರನ್ನು ಕೇಳಿ ತಿಳಿಯುವ ಅಭ್ಯಾಸವೇ ಅವರಿಗೆ ಬಿಟ್ಟುಹೋಗಿತ್ತು. ಹಾರಾಟದ ಹಿಂದಿನ ದಿನ ಮಧ್ಯಾಹ್ನ ಆರ್ಲಿಂಡಾ ತನ್ನ ಪಿಕಪ್ಪಿನಲ್ಲಿ ಕೂತು ಹಸಿರು ಮೆಣಸಿನಕಾಯಿಯ ಬುರಿಟೊ ತಿಂದು ಬಂದಳು. ಬಂದವಳ ಕಣ್ಣು ಐದನೇ ತಿರುಪಿನ ಮೇಲೆ ನಿಂತಿತು. ಅಲ್ಲಿ ಗೆರೆಯೇನೋ ನೆಟ್ಟಗೇ ಇತ್ತು. ಬಣ್ಣ ಮಾತ್ರ ಬದನೆಕಾಯಿಯದಲ್ಲ, ದಾಳಿಂಬೆಯದು.

"ಐದನೇದನ್ನ ಮುಟ್ಟಿದ್ದು ಯಾರು?"

"ನಾನೇ," ಎಂದರು ಡಾಕ್ಟರ್, ಕಂಪ್ಯೂಟರಿನಿಂದ ತಲೆಯೆತ್ತದೆ. "ನಕ್ಷತ್ರಕ್ಕೆ ಬಾಲ ಇತ್ತು. ಸರಿ ಮಾಡ್ದೆ. ಈಗ ನೋಡಿ, ಎಷ್ಟು ದುಂಡಗಿದೆ."

"ಬಾಲ ಇರ್ಲಿ ಅಂತಾನೇ ಬಿಟ್ಟಿದ್ದು. ಜೋಡಣೆ ಪುಸ್ತಕದ ಮೊದಲನೇ ಪುಟದಲ್ಲೇ ಬರ್ದಿಟ್ಟಿದ್ನಲ್ಲ."

"ಓದ್ದೆ. ನಿಮ್ಮ ಕೈಲಿ ಆಗ್ಲಿಲ್ಲ, ಅದಕ್ಕೇ ಹಾಗೆ ಬರ್ದಿದೀರಿ ಅನ್ಕೊಂಡೆ. ನನ್ನ ಲೆಕ್ಕದ ಪ್ರಕಾರ ಚಳಿಗೆ ಅಷ್ಟೆಲ್ಲ ವ್ಯತ್ಯಾಸ ಬರಲ್ಲ."

"ನಿಮ್ಮ ಲೆಕ್ಕ ಎಷ್ಟು ಸಲ ಮೇಲೆ ಹೋಗಿ ಬಂದಿದೆ ಡಾಕ್ಟರ್?" ಆರ್ಲಿಂಡಾ ಬೆರಳನ್ನು ತಿರುಪಿನ ಮೇಲಿಟ್ಟಳು. "ಹೋಗ್ಲಿ. ಈ ಗೆರೆ?"

"ನಾಳೆ ತಪಾಸಣೇಲಿ ಸುಮ್ನೆ ತಕರಾರು ಯಾಕೆ ಅಂತ ನಾನೇ ಎಳ್ದೆ. ಬರೀ ನೇಲ್ ಪಾಲಿಶ್ ತಾನೇ. ನಾಳೆ ಬೆಳಿಗ್ಗೆ ಹಾರಿಸ್ಬೇಕು, ಆ ಕಾಗದಕ್ಕೊಂದು ಸಹಿ ಹಾಕ್ಬಿಡಿ."

ಆರ್ಲಿಂಡಾಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ತಿರುಪು ಮುಟ್ಟಿದ್ದನ್ನು ಬೇಕಾದರೆ ತಿಳಿಗೇಡಿತನ ಎನ್ನಬಹುದು. ಗೆರೆ ಎಳೆದದ್ದು ಹಾಗಲ್ಲ. ಅದಕ್ಕಾಗಿ ಅಂಗಡಿಗೆ ಹೋಗಿ, ಹತ್ತಿರ ಹತ್ತಿರದ ಬಣ್ಣ ಆರಿಸಿ, ಶೀಶೆ ತಂದು, ಅವಳು ಊಟಕ್ಕೆ ಏಳುವುದನ್ನೇ ಕಾದಿರಬೇಕು. ಅವಳು ಆಡದ ಮಾತನ್ನು ಅವಳಿಲ್ಲದಾಗ ಅವಳ ಬಾಯಿಗೆ ತುರುಕಿದ್ದರು. ನಾಳೆ ಚಿತ್ರ ಕೆಟ್ಟರೆ ಎಲ್ಲರೂ ಬೆರಳು ತೋರಿಸುವುದು ಆ ಗೆರೆಗೇ.

ತಡಮಾಡಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಮೇಲಿನ ಗಾಳಿ ಶಾಂತವಾಗಿ ನಿಲ್ಲುವುದು ಶರತ್ಕಾಲದ ಕೆಲವೇ ವಾರ. ಅದು ತಪ್ಪಿದರೆ ವರ್ಷವೇ ಹೋಯಿತು. ಮುಂದಿನ ವರ್ಷ ಅವಳನ್ನು ಯಾರೂ ಕರೆಯುವುದೂ ಇಲ್ಲ. ಅವಳಿಗೆ ಭಯವೇ ಆಯಿತು. ಆದರೂ ಕನ್ನಡಿಗಳ ಮುಚ್ಚಳ ಭದ್ರವಾಗಿದೆಯೇ ಎಂದು ನೋಡಿ, ಕೈಚೀಲದಿಂದ ಹತ್ತಿ ಮತ್ತು ಬಣ್ಣ ತೆಗೆಯುವ ಔಷಧಿ ತೆಗೆದಳು. ಒಂದು ಗೆರೆ ಸುಳ್ಳಾದ ಮೇಲೆ ಉಳಿದವಕ್ಕೂ ಅವಳು ಮಾತು ಕೊಡುವಂತಿರಲಿಲ್ಲ. ಒಂದನೇ ತಿರುಪಿನಿಂದ ಶುರುಮಾಡಿ ಹನ್ನೆರಡೂ ತಿರುಪುಗಳ ಗೆರೆ ಒರೆಸತೊಡಗಿದಳು.

ಹಾರಾಟದ ಮೇಲ್ವಿಚಾರಕ ಎಉಸೇಬಿಯೊ ಒಳಗೆ ಬಂದ. ಅವಳ ಮಗಳ ಜ್ಞಾನಸ್ನಾನದಲ್ಲಿ ಧರ್ಮಪಿತನಾಗಿ ನಿಂತವನು. ಅಂದಿನಿಂದ ಅವಳು ಅವನಿಗೆ ಕೊಮಾದ್ರೆ, ಅವನು ಅವಳಿಗೆ ಕೊಂಪಾದ್ರೆ.

"ಏನು ಕೊಮಾದ್ರೆ, ಯಾರ ಮದುವೆಗೆ ಸಿಂಗಾರ?"

"ಸಿಂಗಾರ ಬಿಚ್ತಾ ಇದೀನಿ ಕೊಂಪಾದ್ರೆ. ನಾನು ಊಟಕ್ಕೆ ಹೋದಾಗ ಡಾಕ್ಟರ್ ಐದನೇದನ್ನ ತಿರುಗಿಸಿ, ನನ್ನ ಹಾಗೇ ಗೆರೆ ಎಳ್ದಿದಾರೆ. ಇನ್ನು ಇದರ ಮೇಲೆ ನನ್ನ ಗೆರೆ ಒಂದೂ ಇಲ್ಲ. ನೋಡ್ಕೊಂಡು ಬರ್ಕೋ."

ಗೆರೆಯಿಲ್ಲದ ತಿರುಪಿದ್ದರೆ ದೂರದರ್ಶಕವನ್ನು ಬಲೂನಿಗೆ ಕಟ್ಟುವಂತಿಲ್ಲ ಎಂಬುದು ನಿಯಮ. ಎಉಸೇಬಿಯೊ ಟೋಪಿ ತೆಗೆದು ತಲೆ ಕೆರೆದುಕೊಂಡ. "ಹಾಗಾದ್ರೆ ನಾಳೆ ಹಾರಾಟ ಇಲ್ಲ."

"ಒಂದು ಹೆಂಗಸಿನ ಹಟಕ್ಕೆ ಎಲ್ಲರ ವರ್ಷ ಹಾಳು ಮಾಡ್ತೀರಾ?" ಡಾಕ್ಟರ್ ಎದ್ದು ನಿಂತಿದ್ದರು.

"ಹಟಕ್ಕೋ, ಊಟದ ಹೊತ್ತಲ್ಲಿ ನೀವು ಮಾಡಿದ ಕೆಲಸಕ್ಕೋ, ಕಾರಣ ನೀವೇ ಬರೀರಿ. ಜಾಗ ಬಿಟ್ಟಿರ್ತೀನಿ," ಎಂದ ಎಉಸೇಬಿಯೊ.

ಜಾಗ ಖಾಲಿಯೇ ಉಳಿಯಿತು. ಐದನೇ ತಿರುಪಿಗೆ ಮೊದಲಿನ ಹಾಗೇ ಬಾಲ ಬರಿಸಿ ಎಲ್ಲವನ್ನೂ ಮತ್ತೆ ಜೋಡಿಸಲು ಆರ್ಲಿಂಡಾಗೆ ಎರಡು ದಿನ ಹಿಡಿಯಿತು. ಅಷ್ಟರಲ್ಲಿ ಗಾಳಿ ಕೆಟ್ಟಿತು. ಒಂಬತ್ತು ದಿನ ಬಲೂನು ಪೆಟ್ಟಿಗೆಯಲ್ಲೇ ಮಲಗಿತ್ತು. ಊಟದ ಮನೆಗೆ ಆರ್ಲಿಂಡಾ ಬಂದರೆ ಮಾತು ನಿಲ್ಲುತ್ತಿತ್ತು. ಕೆಲವರು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದರು. ದಾಳಿಂಬೆ ಬಣ್ಣದ ಶೀಶೆ ತಂದವರ ಪಕ್ಕದಲ್ಲಿ ಮಾತ್ರ ಕುರ್ಚಿ ಖಾಲಿಯಿರುತ್ತಿರಲಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಗಾಳಿ ನಿಂತು ಬಲೂನು ಏರಿತು. ಸಂಜೆ ಏಳಕ್ಕೆ ಪರದೆಯ ಮೇಲೆ ಮೊದಲ ನಕ್ಷತ್ರ ಬಂತು, ಸಾಸಿವೆ ಕಾಳಿನ ಹಾಗೆ, ದುಂಡಗೆ. ಕೋಣೆಯಲ್ಲಿ ಚಪ್ಪಾಳೆ ಬಿತ್ತು. ಡಾಕ್ಟರ್ ನಗುತ್ತಾ ಬಂದು ಅವಳತ್ತ ಕೈ ಚಾಚಿದರು.

"ಅಂತೂ ಎಲ್ಲ ಸರಿಹೋಯ್ತಲ್ಲ ಆರ್ಲಿಂಡಾ. ಈಗಲಾದ್ರೂ ಖುಷಿನಾ?"

ಆರ್ಲಿಂಡಾ ಕೈ ಕೊಡಲಿಲ್ಲ. "ನಕ್ಷತ್ರದ ವಿಷಯಕ್ಕೆ ಖುಷಿ. ನನ್ನ ಹೆಸರಲ್ಲಿ ನೀವು ಸುಳ್ಳು ಹೇಳಿ ಹನ್ನೆರಡು ದಿನ ಆಯ್ತು ಡಾಕ್ಟರ್. ತಪ್ಪಾಯ್ತು ಅನ್ನೋ ಒಂದು ಮಾತು ನಿಮ್ಮ ಬಾಯಿಂದ ಇನ್ನೂ ಬಂದಿಲ್ಲ."

ಡಾಕ್ಟರ್ ಚಾಚಿದ ಕೈಯನ್ನು ಜೇಬಿಗಿಳಿಸಿ, ಪರದೆಯ ಕಡೆ ತಿರುಗಿ ಯಾವುದೋ ಅಂಕಿಯನ್ನು ಓದುವವರಂತೆ ಬಗ್ಗಿದರು. ಆರ್ಲಿಂಡಾ ಒಂದು ಕುರ್ಚಿ ಎಳೆದು ಅವರ ಪಕ್ಕದಲ್ಲೇ ಹಾಕಿಕೊಂಡು ಕೂತಳು. ಆ ಒಂದು ಮಾತು ಬರುವವರೆಗೆ ಅವಳಿಗೆ ಮನೆಗೆ ಹೋಗುವ ಅವಸರವೇನೂ ಇರಲಿಲ್ಲ.