ಆಯ್ತು ಎಂಬ ಮಾತು

ಮಗಳಿಗೆ ಎರಡು ತಿಂಗಳಾದಾಗ ಲಸಿಕೆ ಹಾಕಿಸಿದ ದಿನ ಅವಳ ಕಾಲು ಹಿಡಿದವನು ನಾನು. ಕ್ಲಿನಿಕ್ಕಿನ ಎತ್ತರದ ಮಂಚಕ್ಕೆ ಕಾಗದ ಹಾಸಿ ಅಂಗಾತ ಮಲಗಿಸಿದ್ದರು. ಅಪ್ಪ ಮೊಣಕಾಲು ಒತ್ತಿ ಹಿಡಿಯಲಿ ಎಂದರು ನರ್ಸ್, ಹಿಡಿದೆ. ಸೂಜಿ ಇನ್ನೂ ತೊಡೆಗೆ ಇಳಿಯುತ್ತಿರುವಾಗಲೇ ನನ್ನ ಬಾಯಿಂದ "ಆಯ್ತು ಆಯ್ತು, ಆಯ್ತು ಕಂದ" ಎಂದು ಬಂತು. ಅಳುವ ಮಗುವಿಗೆ ನಮ್ಮ ಕಡೆ ಎಲ್ಲರೂ ಹೇಳುವುದೇ ಅದು. ಆದರೆ ಆಗಿರಲಿಲ್ಲ, ಇನ್ನೂ ಎರಡು ಸೂಜಿ ಬಾಕಿ ಇದ್ದವು. ಮಗು ಬಾಯಿ ತೆರೆದರೂ ಸದ್ದು ಬರಲಿಲ್ಲ. ಮುಖ ಕೆಂಪಾಗಿ, ಉಸಿರು ಸಿಕ್ಕ ಮೇಲೆ ಕಿರುಚಿತು.

ಹೆಂಡತಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಈ ಪರದೇಶದಲ್ಲಿ ನಾವಿರುವುದು ಕ್ರಾಸ್‌ರೋಡ್ಸ್ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ. ಅಲ್ಲಿಗೆ ಬಂದು ಬಾಗಿಲು ಹಾಕಿದ ಮೇಲೆ ಕೇಳಿದಳು.

"ಆಗ್ದೇ ಇರೋದಕ್ಕೆ ಯಾಕ್ರೀ ಆಯ್ತು ಆಯ್ತು ಅಂತಿದ್ರಿ?"

"ಬಾಯಿಗೆ ಬಂತು ಕಣೆ."

"ಅವಳಿಗೆ ಮಾತು ತಿಳಿಯಲ್ಲ ಅಂತ ಏನ್ ಬೇಕಾದ್ರೂ ಹೇಳ್ಬಿಡೋದಾ?"

ನಾಲ್ಕು ತಿಂಗಳ ಲಸಿಕೆ ಹತ್ತಿರ ಬಂದಾಗ ಹೆಂಡತಿಯೇ ಶುರು ಮಾಡಿದಳು. "ಮುಂದಿನ ತಿಂಗಳು ನೋಡೋಣ ಬಿಡಿ. ಸ್ವಲ್ಪ ಲೇಟ್ ಆದ್ರೆ ಏನಾಗುತ್ತೆ?" ಹತ್ತಿರದ ಓವರ್‌ಲೇಕ್‌ನ ತನ್ನ ಆಫೀಸಿನಲ್ಲಿ ದಿನವಿಡೀ ಲೆಕ್ಕಾಚಾರದ ಮಾತಾಡುವವಳು. ಇದು ಲೆಕ್ಕದ ಮಾತಲ್ಲ, ಹೆದರಿಕೆಯದು ಎಂದು ನನಗೆ ಗೊತ್ತಾಯಿತು.  ಆದರೂ ಆ ಮಾತನ್ನು ನಾನು ಅವ್ವನ ಕತೆಯಲ್ಲಿ ಮೊದಲೇ ಕೇಳಿದ್ದೆ.

ನನ್ನ ಎಡಗಾಲು ಪೋಲಿಯೊದಿಂದ ಸೊರಗಿದ್ದು ಎನ್ನುವುದು ಮದುವೆಗೆ ಮುಂಚೆಯೇ ಅವಳಿಗೆ ಗೊತ್ತಿತ್ತು. ಅದರ ಹಿಂದಿನ ಕತೆಯನ್ನು ಅವತ್ತು ಹೇಳಿದೆ. ಅಕ್ಕನಿಗೆ ಸೂಜಿ ಹಾಕಿಸಿದಾಗ ವಿಪರೀತ ಜ್ವರ ಬಂದು, ಅವಳ ಅಳು ಅವ್ವನ ಮನಸ್ಸಿನಲ್ಲೇ ಉಳಿದುಬಿಟ್ಟಿತ್ತು. ನಾನು ಹುಟ್ಟಿದ ಮೇಲೆ ನರ್ಸಮ್ಮ ಬಾಗಿಲಿಗೆ ಬಂದಾಗಲೆಲ್ಲ ಅವ್ವ "ಮುಂದಿನ ಸಾರಿ ಹಾಕುಸ್ತೀನಿ ಕಣಮ್ಮ, ಈಗ ಮಗ ಮಲಗೈತೆ" ಅನ್ನುತ್ತಿದ್ದಳಂತೆ. ಸೂಜಿಯ ಜೊತೆಗೇ ಕೊಡುತ್ತಿದ್ದ ಪೋಲಿಯೊ ಹನಿಯೂ ಹಾಗೇ ತಪ್ಪಿತು. ಅವ್ವ ಕೆಟ್ಟವಳಲ್ಲ, ನನ್ನ ಅಳು ನೋಡಲಾರದವಳು. ಆ ಕಾಲಿನಿಂದಾಗಿ ನಾನು ಶಾಲೆಗೆ ಸೇರುವಾಗ ಓರಗೆಯವರು ಆಗಲೇ ಮೂರ್ನಾಲ್ಕು ಕ್ಲಾಸು ದಾಟಿದ್ದರು. ಅಲ್ಲಿಯವರೆಗೆ ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ, ಮಾವನ ಬಾಳೆಹಣ್ಣಿನ ಗಾಡಿಯ ಪಕ್ಕ ಕೂತು ಕಂಡಕ್ಟರುಗಳ ಕೂಗು ಕೇಳುತ್ತಿದ್ದೆ.

ಹೆಂಡತಿ ನನ್ನ ಕಾಲನ್ನೇ ನೋಡುತ್ತಿದ್ದಳು. "ಸರಿ, ಹೋಗೋಣ. ಆದ್ರೆ ಹಂಗೆ ಮಲಗ್ಸಿ ಅದುಮಿ ಹಿಡಿಯೋಕೆ ನಾನು ಬಿಡಲ್ಲ. ಬೇರೆ ದಾರಿ ಇದ್ಯಾ ಕೇಳ್ತೀನಿ. ಇಲ್ಲ ಅಂದ್ರೆ ಎತ್ಕೊಂಡು ಬಂದ್ಬಿಡ್ತೀನಿ, ಆಮೇಲೆ ನನ್ನ ಬೈಬೇಡಿ."

ಈ ಸಲ ಬೇರೆ ನರ್ಸ್ ಇದ್ದರು. ಹೆಂಡತಿ ಚಳಿಗೆ ಹಾಕಿದ್ದ ಜಾಕೆಟ್ ಕೂಡ ಬಿಚ್ಚದೆ, ನಿಂತಲ್ಲೇ ಎಲ್ಲ ಹೇಳಿದಳು. ನನ್ನ "ಆಯ್ತು ಆಯ್ತು" ಎಂಬುದರ ಅರ್ಥವನ್ನೂ ಬಿಡಲಿಲ್ಲ. ನರ್ಸ್ ಪೂರ್ತಿ ಕೇಳಿ, ಮಂಚದ ಕಡೆ ಹೋಗದೆ ಒಂದು ಕುರ್ಚಿ ಎಳೆದು ಹಾಕಿದರು. ಮಗುವಿನ ಬಟ್ಟೆ ಬಿಚ್ಚಿ, ಮೈಗೆ ಮೈ ತಾಗುವಂತೆ ಎತ್ತಿಕೊಂಡು ಎದೆಹಾಲು ಕುಡಿಸುತ್ತಿರಿ, ಅವಳು ಚೆನ್ನಾಗಿ ಕುಡಿಯತೊಡಗಿದ ಮೇಲೆ ಸೂಜಿ ಹಾಕುತ್ತೇನೆ, ನಡುವೆಯೂ ಬಿಡಿಸಬೇಡಿ ಎಂದರು. ಹೆಚ್ಚು ನೋಯುವ ಸೂಜಿಯನ್ನು ಕೊನೆಗೆ ಹಾಕುತ್ತೇನೆ ಎಂದೂ ಹೇಳಿದರು. ಹೆಂಡತಿ ಅಭ್ಯಾಸದಂತೆ ವೇಲನ್ನು ಎಳೆದುಕೊಂಡಳು. ಆಮೇಲೆ ಅವಳೇ ಅದನ್ನು ತೆಗೆದು ನನ್ನ ಹೆಗಲಿಗೆ ಎಸೆದಳು.

ನನ್ನ ಕೆಲಸ ಮಾತಾಡುವುದಂತೆ. ಏನೂ ಆಗಲ್ಲ ಎನ್ನಬಾರದು, ಪಾಪ ಎನ್ನಬಾರದು, ನೋವಿನ ಸುದ್ದಿಯೇ ಬೇಡ. ನಿಮ್ಮ ಭಾಷೆಯಲ್ಲಿ ಬೇರೆ ಏನಾದರೂ ಹೇಳಿ, ಆಯ್ತು ಎಂಬ ಆ ಮಾತು ಮಾತ್ರ ನಾನು ಹೇಳುವವರೆಗೆ ಬೇಡ ಎಂದರು ನರ್ಸ್.

 ಆ ಒಂದು ಮಾತು ಬಿಟ್ಟರೆ ಇನ್ನೇನೂ ತೋಚಲಿಲ್ಲ. ಕೊನೆಗೆ ಬಾಯಿಗೆ ಬಂದದ್ದು ಬಸ್ ಸ್ಟ್ಯಾಂಡಿನ ಕಂಡಕ್ಟರುಗಳ ಕೂಗು.

"ಯಾರ್ರೀ ಹಿರಿಯೂರು, ಶಿರಾ, ತುಮಕೂರು, ಬೆಂಗ್ಳೂರು! ಬನ್ನಿ ಬನ್ನಿ, ಸೀಟೈತೆ ಸೀಟೈತೆ!"

ಹೆಂಡತಿ ತಲೆ ಎತ್ತಿದಳು. "ಅಯ್ಯೋ ದೇವ್ರೇ, ಇದೇನ್ರೀ" ಎಂದಳು. ಆದರೆ ಕಿವಿಯವರೆಗೆ ಏರಿದ್ದ ಅವಳ ಭುಜ ಕೆಳಗಿಳಿಯಿತು. ಮೊದಲ ಸೂಜಿಗೆ ಮಗು ಕುಡಿಯುವುದನ್ನು ನಿಲ್ಲಿಸಿ ಕಣ್ಣು ಅಗಲ ಮಾಡಿತು. ಮತ್ತೆ ಕುಡಿಯಿತು. ಎರಡನೆಯದಕ್ಕೆ ಅತ್ತಿತು, ಬಾಯಂಚಿನಿಂದ ಹಾಲು ಸುರಿಯಿತು. ನನ್ನ ದನಿ ನಿಂತುಹೋಯಿತು.

"ನಿಲ್ಲಿಸ್ಬೇಡಿ ರೀ," ಎಂದಳು ಹೆಂಡತಿ, ಮಗುವಿನಿಂದ ಕಣ್ಣು ತೆಗೆಯದೆ. "ಹಿರಿಯೂರು ಆಯ್ತು, ಶಿರಾ ಆಯ್ತು. ಆಮೇಲೆ?"

"ತುಮಕೂರು! ಇಳಿಯೋರು ಮುಂದೆ ಬರ್ರೀ!"

ಕೊನೆಯದು ನಿಜವಾಗಿ ನೋಯಿಸಿತು. ಮಗು ಜೋರಾಗಿ ಅತ್ತಿತು, ಅದನ್ನು ಇಲ್ಲ ಎನ್ನಲಾರೆ. ಆದರೆ ಉಸಿರು ಕಟ್ಟಲಿಲ್ಲ. ಅಮ್ಮನ ಎದೆಗೆ ಮುಖ ಉಜ್ಜಿ, ಬಿಕ್ಕುತ್ತಲೇ ಮತ್ತೆ ಹುಡುಕಿಕೊಂಡಿತು. ನರ್ಸ್ ತೊಡೆಗೆ ಪಟ್ಟಿ ಅಂಟಿಸಿ, ನನ್ನ ಕಡೆ ನೋಡಿ ಆ ಮಾತನ್ನು ತಾವೇ ಹೇಳಲು ಹೋದರು. "ಐಟು?" ಎಂದು ಬಂತು.

"ಆಯ್ತು" ಎಂದೆ. 

ಹಾಲು ಮುಗಿಯುವವರೆಗೆ ಯಾರೂ ನಮ್ಮನ್ನು ಏಳಿಸಲಿಲ್ಲ. ಚಳ್ಳಕೆರೆಯಲ್ಲಿ ಅವ್ವನಿಗೂ ಯಾರಾದರೂ ಹೀಗೊಂದು ಕುರ್ಚಿ ಎಳೆದು, ಕೂತ್ಕೊಳಮ್ಮ, ಹಾಲು ಕುಡಿಸ್ತಾ ಇರು ಎಂದಿದ್ದರೆ ಎಂದು ಯೋಚಿಸುತ್ತ ನಿಂತಿದ್ದೆ. ಹೆಂಡತಿ ನನ್ನ ಹೆಗಲಿನಿಂದ ವೇಲನ್ನು ಎಳೆದುಕೊಂಡಳು.

"ಆರು ತಿಂಗಳದ್ದು ಈಗ್ಲೇ ಬುಕ್ ಮಾಡ್ಸಿ," ಎಂದಳು. "ಇದೇ ನರ್ಸ್ ಇರೋ ದಿನ."